ಮಕ್ಕಳ ‘ಮುಂದೇನು’ ಅಳೆಯುವ ಬಗೆ

ಬಾಣಸವಾಡಿಯ ಯಾವುದಾದರೂ ಹೈಸ್ಕೂಲಿನ ಹತ್ತನೇ ತರಗತಿಯಲ್ಲಿ ‘ಮುಂದೆ ಏನಾಗಬೇಕು ಅಂತಿದ್ದೀಯ?’ ಎಂದು ಕೇಳಿದರೆ ಡಾಕ್ಟರ್, ಸಾಫ್ಟ್‌ವೇರ್, ಪೊಲೀಸ್ ಎಂಬ ಉತ್ತರ ಥಟ್ಟನೆ ಬರುತ್ತದೆ. ಮೇಷ್ಟ್ರು ಮೆಚ್ಚುವ ಉತ್ತರ ಯಾವುದೆಂದು ಮಕ್ಕಳಿಗೆ ಗೊತ್ತು. ಓದಿನ ಹುರುಪು ಎಷ್ಟಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಜೋಸೆಫ್ ನುಟಿನ್ ನೇರ ಪ್ರಶ್ನೆಯನ್ನೇ ಬಿಟ್ಟರು. ಅವರ 1985ರ ಪುಸ್ತಕದಲ್ಲಿ ವಿವರಿಸಿದ ವಿಧಾನದಲ್ಲಿ ಮಕ್ಕಳಿಗೆ ಅರ್ಧ ವಾಕ್ಯ ಕೊಡುತ್ತಾರೆ. ‘ನನಗೆ ತುಂಬ ಆಸೆ ಇರುವುದು...’, ‘ಹೀಗಾಗಬಾರದು ಅನ್ನಿಸುವುದು...’ ಎಂಬ ಬಗೆಯವು. ಮಗು ಪೂರ್ತಿ ಮಾಡಿದ ಪ್ರತಿ ವಾಕ್ಯದ ಪಕ್ಕ, ಅದು ಯಾವಾಗ ಕೈಗೂಡುವಂಥದ್ದು ಎಂದು ಸಂಶೋಧಕರು ಗುರುತು ಹಾಕುತ್ತಾರೆ. ‘ಎಸ್ಸೆಸ್ಸೆಲ್ಸಿ ಪಾಸಾಗಬೇಕು’ ಕೆಲವು ತಿಂಗಳ ಮಾತು. ‘ಅಮ್ಮನಿಗೆ ಸ್ವಂತ ಮನೆ ಕಟ್ಟಿಸಬೇಕು’ ಹತ್ತಾರು ವರ್ಷದ್ದು.

ದೂರವೊಂದೇ ಸಾಲದು. ಅಮೆರಿಕದ ಜೆನೆಫರ್ ಹಸ್ಮನ್ ಮತ್ತು ಡ್ವೇನ್ ಶೆಲ್ 2008ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ನಾಲ್ಕು ಸಂಗತಿಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ: ಎಷ್ಟು ದೂರ ಯೋಚಿಸುತ್ತಾರೆ, ದೂರದ ಗುರಿಗೆ ಎಷ್ಟು ಬೆಲೆ ಕೊಡುತ್ತಾರೆ, ಕಾಲ ಎಷ್ಟು ಬೇಗ ಓಡುತ್ತಿದೆ ಅನ್ನಿಸುತ್ತದೆ, ಇವತ್ತಿನ ಕೆಲಸಕ್ಕೂ ಆ ಗುರಿಗೂ ನಂಟು ಕಾಣುತ್ತದೆಯೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಕೊನೆಯದು. ನುಟಿನ್ ಅವರ ಸಹೋದ್ಯೋಗಿ ವಿಲಿ ಲೆನ್ಸ್ ಮತ್ತೊಬ್ಬರ ಜೊತೆಗೂಡಿ 1982ರಲ್ಲೇ ಇದನ್ನು ತೋರಿಸಿದ್ದರು. ಚೆನ್ನಾಗಿ ಓದುವ ಹುಡುಗರು ದೂರದ ಗುರಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಈಗಿನ ಓದು ಅದಕ್ಕೆ ಒದಗುತ್ತದೆಂದೂ ಹೆಚ್ಚು ನಂಬಿದ್ದರು.

ಬರೀ ಕನಸು ಕಾಣುವುದು ತಿರುಗುಬಾಣವೂ ಆಗಬಹುದು. ಗೇಬ್ರಿಯೆಲ್ ಎಟ್ಟಿಂಗನ್ ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಕೆಲಸ ಸಿಕ್ಕಂತೆ ಪದೇಪದೇ ಕಲ್ಪಿಸಿಕೊಳ್ಳುತ್ತಿದ್ದ ಪದವೀಧರರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಕೆಲಸದ ಕರೆಯೂ ಕಡಿಮೆ ಬಂದಿತ್ತು. ‘ಸಿಕ್ಕೇ ಸಿಗುತ್ತದೆ’ ಎಂದು ನಂಬಿದ್ದವರು ಮುಂದಿದ್ದರು. ಹಾಗಾಗಿ ‘ಆಸೆ ಎಷ್ಟು’, ‘ಆಗುತ್ತದೆಂಬ ನಂಬಿಕೆ ಎಷ್ಟು’ ಎಂದು ಎರಡು ಬೇರೆ ಪ್ರಶ್ನೆ ಕೇಳಬೇಕು.

ನಮ್ಮ ಶಾಲೆಯಲ್ಲಿ ಇಂಥ ಅಳತೆ ಮಾಡುವುದಾದರೆ ಹಾಳೆಯ ಮೇಲೆ ಹೆಸರು ಬರೆಸಬೇಡಿ, ಅಂಕವಂತೂ ಬೇಡವೇ ಬೇಡ. ಈ ಕಡೆ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳೂ ಇರುತ್ತಾರೆ. ಅವರವರ ಮಾತಿನಲ್ಲೇ ಬರೆಯಲು ಬಿಡಿ. ಬಾಡಿಗೆ ಮನೆ ಬದಲಿಸುತ್ತಲೇ ಬೆಳೆದ ಮಗು ಮುಂದಿನ ತಿಂಗಳಾಚೆ ಏನೂ ಬರೆಯದಿದ್ದರೆ ಅದನ್ನು ಸೋಮಾರಿತನ ಎನ್ನಬಾರದು. ಅಲ್ಲಿ ಕಾಣುವುದು ಮನೆಯ ಪರಿಸ್ಥಿತಿ. ಜೂನ್‌ನಲ್ಲೊಮ್ಮೆ, ದಸರಾ ರಜೆ ಮುಗಿದ ಮೇಲೊಮ್ಮೆ ಬರೆಸಿ ಹೋಲಿಸಿ. ಬಹಳಷ್ಟು ಹಾಳೆಗಳಲ್ಲಿ ಆಸೆ ದೊಡ್ಡದಿದ್ದು ನಂಟು ಕಾಣದಿದ್ದರೆ, ಇಡೀ ತರಗತಿಯಲ್ಲಿ ಗುರಿಯಿಂದ ಹಿಂದಕ್ಕೆ ಬರೆಸಿ: ನರ್ಸ್ ಆಗಲು ಯಾವ ಕೋರ್ಸು, ಅದಕ್ಕೆ ಪಿಯುಸಿಯಲ್ಲಿ ಯಾವ ಕಾಂಬಿನೇಷನ್, ಅದಕ್ಕೆ ಈ ವಾರ ವಿಜ್ಞಾನದ ಯಾವ ಪಾಠ.