ಟಾಮ್‌ಕ್ಯಾಟ್ ಎದ್ದಿದೆ, ಆ್ಯಪ್ ಮಾತ್ರ 404: ಯಾವ ಲಾಗ್ ನೋಡೋದು?

ಪುಣೆಯಲ್ಲಿ ಒಂದು ರಿಲೀಸ್ ರಾತ್ರಿ ಎರಡು ಗಂಟೆ ಕ್ಯಾಟಲಿನಾ ಡಾಟ್ ಔಟ್ ಫೈಲನ್ನೇ ನೋಡ್ತಾ ಕೂತಿದ್ದೆ. ಸಿಕ್ಕಿದ್ದು ಒಂದೇ ಸಾಲು: ಲಿಸನರ್ ಸ್ಟಾರ್ಟ್ ಆಗಲಿಲ್ಲ, ವಿವರ ಕಂಟೇನರ್ ಲಾಗ್‌ನಲ್ಲಿದೆ ಅಂತ. ಆ ಕಂಟೇನರ್ ಲಾಗ್ ಅಂದ್ರೆ ಪಕ್ಕದಲ್ಲೇ ಇರೋ, ಲೋಕಲ್‌ಹೋಸ್ಟ್ ಅಂತ ಶುರುವಾಗಿ ತಾರೀಕು ಇರೋ ಫೈಲು. ಆ ಹೆಸರು ನೋಡಿ ಯಾರು ತೆರೀತಾರೆ ಹೇಳಿ! ಪೂರ್ತಿ ಸ್ಟ್ಯಾಕ್ ಟ್ರೇಸ್ ಅಲ್ಲಿರುತ್ತೆ. ಮೇಲಿಂದ ಓದಬೇಡಿ, ಕೊನೆಯ ‘ಕಾಸ್ಡ್ ಬೈ’ ಹುಡುಕಿ. ನನ್ನದರಲ್ಲಿ ಡೇಟಾಬೇಸ್ ಡ್ರೈವರ್‌ನ ಜಾರ್ ಫೈಲೇ ಇರಲಿಲ್ಲ.

ಲಾಗ್ಸ್ ಫೋಲ್ಡರ್ರೇ ಸಿಗ್ತಿಲ್ವಾ? ಪಿಎಸ್ ಕಮಾಂಡ್ ಕೊಟ್ಟು, ಜಾವಾ ಪ್ರಾಸೆಸ್‌ನ ಉದ್ದ ಸಾಲಿನಲ್ಲಿ ‘ಕ್ಯಾಟಲಿನಾ ಡಾಟ್ ಬೇಸ್’ ನೋಡಿ. ಮಾಮೂಲಾಗಿ ಅದರೊಳಗೇ ಇರುತ್ತೆ.

ತಾರೀಕಿನ ಬಗ್ಗೆ ಹುಷಾರು. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ರೆ ಹೊಸ ಫೈಲ್ ಶುರುವಾಗೋದು ನಮ್ಮ ಬೆಳಿಗ್ಗೆ 5:30ರ ನಂತರ. ನಡುರಾತ್ರಿಯ ಎರರ್ ನಿನ್ನೆಯ ಫೈಲಲ್ಲೇ ಇರುತ್ತೆ.