ಶಾಲೆಯಂಗಳದ ಮಳೆನೀರಿಗೆ ದುಡ್ಡು ಕೊಡುವವರು ಯಾರು?

ಫಿಲಡೆಲ್ಫಿಯಾದಲ್ಲಿರುವ ಮಗಳ ಮನೆಗೆ ತಿಂಗಳಿಗೊಮ್ಮೆ ನೀರಿನ ಬಿಲ್ ಬರುತ್ತದೆ. ಕುಡಿಯುವ ನೀರಿಗೆ ಒಂದು ಲೆಕ್ಕ, ಒಳಚರಂಡಿಗೆ ಒಂದು ಲೆಕ್ಕ, ಅದರ ಕೆಳಗೆ ಮಳೆನೀರಿಗೂ ಒಂದು ಲೆಕ್ಕ. ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಯುಜಿಡಿ ಪೈಪು ಹಾಕಿಸುತ್ತಲೇ ನೌಕರಿ ಮುಗಿಸಿದ ನನಗೆ ಮೊದಲೆರಡು ಹೊಸದಲ್ಲ. ಮೂರನೆಯದು ಏನೆಂದು ಮಗಳನ್ನು ಕೇಳಿದೆ. "ಅದು ಎಲ್ಲರಿಗೂ ಬರುತ್ತೆ ಅಪ್ಪಾ, ಪುಟ್ಟಿ ಹೋಗೋ ಶಾಲೆಗೂ ಬರುತ್ತೆ" ಅಂದಳು.

ಸರ್ಕಾರಿ ಶಾಲೆ ಮಳೆಗೆ ದುಡ್ಡು ಕಟ್ಟುವುದು ನಾನು ಕೇಳದ ಸಂಗತಿ. ವಿಚಾರಿಸುತ್ತಾ ಹೋದ ಹಾಗೆ ಅದು ಅನ್ಯಾಯವಲ್ಲ, ಆಗಬೇಕಾದ ಕೆಲಸವೇ ಎಂದು ನನಗೆ ಖಾತ್ರಿಯಾಗಿದೆ.

ಫಿಲಡೆಲ್ಫಿಯಾ ಹಳೆಯ ಊರು. ಅದರ ಸುಮಾರು ಶೇಕಡಾ ಅರವತ್ತು ಭಾಗದಲ್ಲಿ ಕಕ್ಕಸಿನ ನೀರಿಗೂ ಮಳೆನೀರಿಗೂ ಒಂದೇ ಪೈಪು. ಬಿಸಿಲಿದ್ದಾಗ ತೊಂದರೆಯಿಲ್ಲ, ಎಲ್ಲವೂ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಜೋರು ಮಳೆ ಬಂದರೆ ಪೈಪು ತುಂಬಿ, ಎರಡೂ ಬೆರೆತ ನೀರು ಡೆಲವೇರ್ ಮತ್ತು ಸ್ಕೂಲ್‌ಕಿಲ್ ನದಿಗಳಿಗೆ ಸೇರುತ್ತದೆ. ಊರಿನವರು ಕುಡಿಯುವುದೂ ಅದೇ ನದಿಗಳ ನೀರನ್ನು. ಇದನ್ನು ತಡೆಯಲು ಬರಿಯ ದೊಡ್ಡ ಸುರಂಗಗಳನ್ನೇ ನಂಬದೆ, ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸಬೇಕೆಂದು 2011ರಲ್ಲಿ ನಗರ 25 ವರ್ಷಗಳ ಯೋಜನೆಯೊಂದನ್ನು ಹಾಕಿಕೊಂಡಿತು.

ಖರ್ಚು ಯಾರದು? ಮೊದಲು ಮಳೆನೀರಿನ ಶುಲ್ಕವನ್ನು ನೀರಿನ ಮೀಟರಿನ ಗಾತ್ರ ನೋಡಿ ಹಾಕುತ್ತಿದ್ದರು. ಹತ್ತಾರು ಮಹಡಿಯ ಕಟ್ಟಡ ಹೆಚ್ಚು ಕೊಡುತ್ತಿತ್ತು. ಒಂದು ನಲ್ಲಿಯೂ ಇಲ್ಲದ, ಎಕರೆಗಟ್ಟಲೆ ಡಾಂಬರಿನ ಪಾರ್ಕಿಂಗ್ ಜಾಗ ಬಿಡಿಗಾಸೂ ಕೊಡುತ್ತಿರಲಿಲ್ಲ. 2010ರ ಜುಲೈನಿಂದ ಲೆಕ್ಕ ಬದಲಾಯಿತು. ಮನೆಗಳಿಗೆ ಒಂದೇ ದರ. ಉಳಿದ ಆಸ್ತಿಗಳಿಗೆ ನಿವೇಶನದ ಅಳತೆಯ ಜೊತೆಗೆ, ಮುಖ್ಯವಾಗಿ ನೀರು ಇಂಗದ ನೆಲ ಎಷ್ಟಿದೆ ಎಂಬುದರ ಮೇಲೆ ಬಿಲ್. ತಾರಸಿ, ಡಾಂಬರು, ಕಾಂಕ್ರೀಟು ಎಲ್ಲವನ್ನೂ ಮೇಲಿನಿಂದ ತೆಗೆದ ಚಿತ್ರ ನೋಡಿ ಅಳೆಯುತ್ತಾರೆ.

ಈ ಲೆಕ್ಕದಲ್ಲಿ ಶಾಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಲ್ಲಿನ ಹಳೆಯ ಶಾಲೆಗಳ ಅಂಗಳ ಎಂದರೆ ಗೋಡೆಯಿಂದ ಬೇಲಿಯವರೆಗೆ ಒಂದೇ ಹಾಸು ಡಾಂಬರು. ಒಂದು ಎಕರೆ ಡಾಂಬರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ನಮ್ಮಲ್ಲಿ ಬೇಸಿಗೆಯಲ್ಲಿ ಓಡಾಡುವ 12,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಎಂಟೂವರೆ ಲೋಡು. ಅಷ್ಟೂ ನೀರು ಬೀದಿಯ ಚರಂಡಿಗೆ ನುಗ್ಗುತ್ತದೆ, ಅದು ಮಕ್ಕಳ ಅಂಗಳದಿಂದ ಬಂದ ನೀರೆಂದು ಪೈಪು ಹಿಗ್ಗುವುದಿಲ್ಲ. ಶಾಲೆಗಳಿಗೆ ಇಲ್ಲಿ ಬಿಲ್ಲಿನಲ್ಲಿ ಶೇಕಡಾ 25 ರಿಯಾಯಿತಿ ಇದೆ, ಪೂರ್ತಿ ವಿನಾಯಿತಿ ಇಲ್ಲ.

ಆದರೂ ಜಗಳ ಇದ್ದೇ ಇದೆ. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಪಟ್ಟಣ 1974ರಷ್ಟು ಹಿಂದೆಯೇ ಮಳೆನೀರಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಂಡಿತು. ಅಂಥ ಶುಲ್ಕ ಬೇರೆ ಊರುಗಳಿಗೂ ಹಬ್ಬಿದಂತೆ ಕೋರ್ಟುಗಳ ಮುಂದೆ ಬಂದದ್ದು ಒಂದೇ ಪ್ರಶ್ನೆ: ಇದು ಶುಲ್ಕವೋ, ತೆರಿಗೆಯೋ? ಸಾರ್ವಜನಿಕ ಆಸ್ತಿಗೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಆದರೆ ಪಡೆದ ಸೇವೆಗೆ ಶುಲ್ಕ ಕೊಡಬೇಕು, ಕರೆಂಟು ಬಿಲ್ ಕಟ್ಟಿದ ಹಾಗೆ. ಮಿಷಿಗನ್ನಿನ ಲ್ಯಾನ್ಸಿಂಗ್ ನಗರದ ಶುಲ್ಕ ನಿಜಕ್ಕೂ ತೆರಿಗೆಯೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿ ಅದನ್ನು ರದ್ದು ಮಾಡಿತು. ಫ್ಲಾರಿಡಾದ ಕೀ ವೆಸ್ಟ್ ನಗರಕ್ಕೆ ಅಲ್ಲಿನ ಸರ್ಕಾರಿ ಕಾಲೇಜು ಈ ಶುಲ್ಕ ಕೊಡಬೇಕಿಲ್ಲವೆಂದು 2012ರಲ್ಲಿ ಮೇಲ್ಮನವಿ ಕೋರ್ಟಿನ ತೀರ್ಪು ಬಂತು. ಟೆಕ್ಸಾಸಿನ ಕಾನೂನು ಶಾಲೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಆಯಾ ನಗರಕ್ಕೇ ಕೊಟ್ಟಿದೆ. ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳೇ "ನಾವು ಕೊಡುವುದಿಲ್ಲ" ಎಂದು ಕೂತಾಗ, ಕೊಡಲೇಬೇಕೆಂದು 2011ರ ಜನವರಿಯಲ್ಲಿ ಕಾನೂನು ತಿದ್ದಬೇಕಾಯಿತು.

ಈ ಜಗಳ ನಮಗೆ ಅಪರಿಚಿತವೇನಲ್ಲ. ತೆರಿಗೆಗೂ ಶುಲ್ಕಕ್ಕೂ ಇರುವ ಗೆರೆಯನ್ನು ನಮ್ಮ ಸುಪ್ರೀಂ ಕೋರ್ಟ್ 1954ರಲ್ಲಿ ಎಳೆದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಕೊಟ್ಟ ದುಡ್ಡಿಗೆ ಪ್ರತಿಯಾಗಿ ಸೇವೆ ಇರಬೇಕು, ಆಗ ಅದು ಶುಲ್ಕ. ಇಂದಿಗೂ ನಮ್ಮ ವಕೀಲರು ಆ ತೀರ್ಪನ್ನು ಎತ್ತುತ್ತಾರೆ.

ಶಾಲೆಯಿಂದ ವಸೂಲಿ ಮಾಡಿದರೆ ಸರ್ಕಾರದ ಒಂದು ಜೇಬಿನಿಂದ ಇನ್ನೊಂದಕ್ಕೆ ದುಡ್ಡು ಹೋಯಿತಷ್ಟೇ, ಪುಸ್ತಕ ಕೊಳ್ಳುವ ಹಣಕ್ಕೆ ಕತ್ತರಿ ಬಿತ್ತು ಎನ್ನುವವರಿದ್ದಾರೆ. ಬಿಲ್ ಕಳಿಸಿ ಸುಮ್ಮನಿದ್ದರೆ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಇಲ್ಲಿ ಡಾಂಬರು ಕಿತ್ತು ನೀರು ಇಂಗಿಸಿದರೆ ಬಿಲ್ ಇಳಿಯುತ್ತದೆ, ಬಿದ್ದ ಮಳೆಯಲ್ಲಿ ಮೊದಲ ಒಂದು–ಒಂದೂವರೆ ಇಂಚನ್ನು ಅಂಗಳದಲ್ಲೇ ಹಿಡಿದಿಟ್ಟರೆ ದೊಡ್ಡ ಮೊತ್ತ ಮಾಫಿ. ಕೆಲಸಕ್ಕೆ ನೀರು ಇಲಾಖೆಯಿಂದಲೇ ನೆರವೂ ಸಿಗುತ್ತದೆ. ಗ್ರೀನ್‌ಫೀಲ್ಡ್, ನೆಬಿಂಗರ್, ವಿಲಿಯಂ ಡಿಕ್ ಶಾಲೆಗಳ ಅಂಗಳಗಳು ಬದಲಾದದ್ದು ಹೀಗೆ ನೀರು ಇಂಗಿಸುವ ಪ್ರಯತ್ನಗಳಲ್ಲೇ.

ಅಂಥದೊಂದು ಅಂಗಳವನ್ನು ಮಳೆಯಲ್ಲೇ ನೋಡಬೇಕೆಂದು ಕೊಡೆ ಹಿಡಿದು ಹೋಗಿ ಬೇಲಿಯಾಚೆ ನಿಂತಿದ್ದೆ. ಆಟದ ಜಾಗದ ನೆಲ ರಂಧ್ರವಿರುವ ರಬ್ಬರಿನದು, ಬಿದ್ದ ಹನಿ ಅಲ್ಲೇ ಒಳಗಿಳಿಯುತ್ತಿತ್ತು. ಚಾವಣಿಯ ನೀರು ಕೊಳವೆಯಲ್ಲಿ ಇಳಿದು ಒಂದು ಮೊಳ ತಗ್ಗಿನ ಪಾತಿಗೆ ಬರುತ್ತಿತ್ತು. ಪಾತಿಯಲ್ಲಿ ಎತ್ತರದ ಹುಲ್ಲು, ಎಳೆಯ ಮರಗಳು, ಮಧ್ಯೆ ಗುಮ್ಮಟದಾಕಾರದ ಕಬ್ಬಿಣದ ಜಾಲರಿ. ನೀರು ಆ ಜಾಲರಿಯ ಮಟ್ಟಕ್ಕೆ ಏರಿದರೆ ಮಾತ್ರ ಹೆಚ್ಚಾದದ್ದು ಚರಂಡಿಗೆ. ಅರ್ಧ ಗಂಟೆ ನಿಂತರೂ ಅಲ್ಲಿವರೆಗೆ ಏರಲಿಲ್ಲ. ಎದುರು ರಸ್ತೆಯಲ್ಲಿ ಮಾತ್ರ ನೀರು ಅಂಚುಗಲ್ಲು ಮುಟ್ಟಿ ಹರಿಯುತ್ತಿತ್ತು. ಇಂಜಿನಿಯರ್ ಆದ ನನಗೆ ಆ ಜಾಲರಿಯ ಒಣ ತುದಿ ಕೊಟ್ಟ ಸಂತೋಷ ಸಣ್ಣದಲ್ಲ.

ನಮ್ಮಲ್ಲಿ ಈಗ ಕೆಲಸ ತಿರುಗುಮುರುಗು ನಡೆಯುತ್ತಿದೆ. ಅನುದಾನ ಬಂತೆಂದರೆ ಶಾಲೆಯ ಮಣ್ಣಿನ ಅಂಗಳಕ್ಕೆ ಇಂಟರ್‌ಲಾಕ್ ಹಾಸುತ್ತಾರೆ, ಬೇವಿನ ಮರದ ಬುಡಕ್ಕೂ ಕಾಂಕ್ರೀಟು. ಕೆಸರಾಗುತ್ತದೆ ಎನ್ನುವ ಎಸ್‌ಡಿಎಂಸಿಯವರ ಕಷ್ಟ ನಿಜ, ಓಡಾಡುವ ದಾರಿಗೆ ಹಾಸಲಿ. ಇಡೀ ಅಂಗಳಕ್ಕೆ ಯಾಕೆ? ಹಾಗೆ ಹಾಸಿದ್ದರಿಂದ ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗಿದರೆ ಅದರ ಲೆಕ್ಕ ಯಾವ ಕಡತದಲ್ಲೂ ಬರುವುದಿಲ್ಲ.

ರಾಜ್ಯದ ಸುವರ್ಣ ಮಹೋತ್ಸವದ ಹೊತ್ತಿಗೆ, 2006ರ ಸುಮಾರಿಗೆ, 'ಸುವರ್ಣ ಜಲ' ಯೋಜನೆಯಲ್ಲಿ ಸಾವಿರಾರು ಹಳ್ಳಿ ಶಾಲೆಗಳಿಗೆ ಚಾವಣಿಯ ನೀರು ಹಿಡಿಯುವ ವ್ಯವಸ್ಥೆ ಬಂತು. ಆಲೋಚನೆ ಒಳ್ಳೆಯದು. ಆದರೆ ಇಂಥ ತೊಟ್ಟಿಗಳಿರುವ ಶಾಲೆಗಳಲ್ಲಿ ನಾನು ಕಂಡದ್ದು ಒಂದೇ ತೊಡಕು: ತೊಟ್ಟಿ ಗಟ್ಟಿಯಾಗಿದ್ದರೂ ಮೊದಲ ಮಳೆಯ ಕೊಳೆ ಹೊರಹಾಕುವ ಕೊಳವೆಯ ಮುಚ್ಚಳ ಕಳೆದಿರುತ್ತದೆ, ಸೋಸುವ ಜಲ್ಲಿಯ ತುಂಬ ಎಲೆ. ಅದನ್ನು ತೆಗೆಯುವುದು ಯಾರ ಕೆಲಸವೆಂದು ಎಲ್ಲಿಯೂ ಬರೆದಿರುವುದಿಲ್ಲ. ಫಿಲಡೆಲ್ಫಿಯಾದ ಶಾಲೆಗೆ ಸಿಗುವ ಮಾಫಿ ಒಮ್ಮೆ ಕೊಟ್ಟು ಮರೆಯುವಂಥದ್ದಲ್ಲ. ನವೀಕರಿಸಿಕೊಳ್ಳಬೇಕು, ಪಾತಿ ಕೆಲಸ ಮಾಡುತ್ತಿದೆ ಎಂದು ತೋರಿಸಬೇಕು. ಹೂಳು ತೆಗೆಯದಿದ್ದರೆ ಬಿಲ್ ಮತ್ತೆ ಏರುತ್ತದೆ. ನಮ್ಮ ಪುರಸಭೆಗಳು ಶಾಲೆಗಳಿಂದ ದುಡ್ಡು ಕೇಳಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಶಾಲೆಯ ಅಂಗಳದಲ್ಲಿ ನೀರಿಂಗುವ ನೆಲ ಎಷ್ಟಿದೆ ಎಂದು ಅಳೆದು ಬರೆದಿಡಲಿ, ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಒಬ್ಬ ಇಂಜಿನಿಯರ್ ಹೋಗಿ ಜಾಲರಿ ಎತ್ತಿ ನೋಡಿ ಸಹಿ ಹಾಕಿ ಬರಲಿ.