ಬರೆದ ಕೈಯೇ ಲೇಖನಿ ಕಡೆದಾಗ

ಮೂವತ್ತು ವರ್ಷ ಕಡತಗಳ ಮೇಲೆ ಬರೆದು ನಿವೃತ್ತರಾದ ಗೃಹಸ್ಥರಿಗೆ ಬೆಳಗಿನ ಹತ್ತು ಗಂಟೆಯೆಂಬುದು ಬಲು ದೊಡ್ಡ ಸಮಸ್ಯೆ. ವೃತ್ತಪತ್ರಿಕೆ ಓದಿ ಮುಗಿದಿರುತ್ತದೆ, ಊಟಕ್ಕಿನ್ನೂ ಹೊತ್ತಿರುತ್ತದೆ. ‘ಇನ್ನು ನನ್ನಿಂದೇನು ಪ್ರಯೋಜನ?’ ಎಂಬ ಯೋಚನೆ ಮನಸ್ಸನ್ನು ಕೊರೆಯುವುದು ಆಗಲೇ. ಅಂತಹ ಹೊತ್ತನ್ನು ತುಂಬಬಲ್ಲ ಹವ್ಯಾಸಗಳಲ್ಲಿ ಫೌಂಟನ್ ಪೆನ್ನನ್ನು ಕೈಯಾರೆ ತಯಾರಿಸುವುದೂ ಒಂದು.

ಇದಕ್ಕೆ ವಯಸ್ಸು ಅಡ್ಡಿಯಲ್ಲವೆಂಬುದಕ್ಕೆ ಪೆನ್ನಿನ ಚರಿತ್ರೆಯೇ ಸಾಕ್ಷಿ. ಅಮೆರಿಕದಲ್ಲಿ ವಿಮಾ ಏಜೆಂಟನಾಗಿದ್ದ ಲೂಯಿಸ್ ವಾಟರ್‌ಮನ್ 1884ರಲ್ಲಿ ತನ್ನ ಪೆನ್ನಿಗೆ ಪೇಟೆಂಟ್ ಪಡೆದಾಗ ಆತನಿಗೆ 45 ದಾಟಿತ್ತು. ನಿಬ್ಬಿನ ಅಡಿಯ ನಾಲಗೆಯಲ್ಲಿ ಸಣ್ಣ ಸೀಳುಗಳನ್ನು ಕೊರೆದು, ಶಾಯಿ ಕೆಳಗಿಳಿದಂತೆಲ್ಲ ಗಾಳಿ ಮೇಲೇರುವಂತೆ ಮಾಡಿದ್ದೇ ಆತನ ಜಾಣ್ಮೆ. ನಮ್ಮ ದೇಶದಲ್ಲಿ, ಗೋದಾವರೀ ತೀರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು 1932ರಲ್ಲಿ ಸ್ವದೇಶೀ ಪೆನ್ನಿನ ತಯಾರಿಕೆಗೆ ಕೈಹಾಕಿದರು. ಅವರ ಪೆನ್ನನ್ನು ಬಳಸಿ ನೋಡಿದ ಗಾಂಧೀಜಿ 1935ರಲ್ಲಿ ಪತ್ರ ಬರೆದು ವಂದಿಸಿದರು.

ಈ ಕೆಲಸಕ್ಕೆ ಬೇಕಾದ ಮುಖ್ಯ ವಸ್ತು ಎಬೊನೈಟ್ ಸಲಾಕೆ. ರಬ್ಬರಿಗೆ ಹೇರಳವಾಗಿ ಗಂಧಕ ಬೆರೆಸಿ ಕಾಯಿಸಿ ಮಾಡಿದ ಈ ಪದಾರ್ಥ ಮರದಂತೆ ಕಡೆಯಲು ಬರುತ್ತದೆ, ಶಾಯಿಗೆ ಜಗ್ಗುವುದಿಲ್ಲ. ಒಡಲು, ಮುಚ್ಚಳ, ಹಿಡಿಕೆಗಳಿಗೆಂದು ಇದನ್ನು ಕತ್ತರಿಸಿ, ಸಣ್ಣದೊಂದು ಲೇತ್ ಯಂತ್ರಕ್ಕೆ ಸಿಕ್ಕಿಸಿ, ನಡುವೆ ರಂಧ್ರ ಕೊರೆಯಬೇಕು. ಬಳಿಕ ಒಂದರೊಳಗೊಂದು ಕೂರುವಂತೆ ತಿರುಪಿನ ಸುತ್ತುಗಳನ್ನು ಹಾಕಬೇಕು. ಕಷ್ಟವೆಲ್ಲ ಇಲ್ಲಿಯೇ. ಸುತ್ತು ಸಡಿಲವಾದರೆ ಶಾಯಿ ಅಂಗಿಯ ಜೇಬಿಗೆ. ಅತಿ ಬಿಗಿಯಾದರೆ ಮುಚ್ಚಳಕ್ಕೆ ಬಿರುಕು. ಹೆಚ್ಚಾಗಿ ಕಡೆದದ್ದನ್ನು ಮತ್ತೆ ಅಂಟಿಸಲಾಗದು. ನಯವಾದ ಮರಳುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿದರೆ ಹೊಳಪು ಬರುತ್ತದೆ. ನಿಬ್ಬನ್ನೂ ನಾಲಗೆಯನ್ನೂ ಹವ್ಯಾಸಿಗಳು ಸಾಮಾನ್ಯವಾಗಿ ಕೊಂಡೇ ತರುತ್ತಾರೆ.

ಲೇತಿಗೆ ಹಣ ಬೇಕು. ಕಡೆಯುವಾಗ ಏಳುವ ಗಂಧಕದ ವಾಸನೆಗೆ ಮನೆಯೊಡತಿಯ ಅನುಮತಿಯೂ ಬೇಕು! ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಅಗತ್ಯ. ಜೋಲುವ ತೋಳಿನ ಅಂಗಿ ಅಪಾಯಕರ. ಕೈನಡುಕ ಹೆಚ್ಚಾಗಿದ್ದವರು ಯಂತ್ರವನ್ನು ಮುಟ್ಟದೆ, ಉಜ್ಜುವ ಮತ್ತು ಜೋಡಿಸುವ ಕೆಲಸಗಳಲ್ಲಿಯೇ ತೃಪ್ತಿ ಪಡುವುದು ಲೇಸು.

ಮೊದಲ ಕೆಲವು ಪೆನ್ನುಗಳು ಸೋರುವುದು ಸಹಜ. ಯೌವನದಲ್ಲಾದರೆ ಅದು ಬೇಸರಕ್ಕೆ ಕಾರಣ, ಅರವತ್ತರಲ್ಲಿ ಅವಸರವೇನಿದೆ? ಸೋರುವ ಜಾಗವನ್ನು ಹುಡುಕಿ, ಇನ್ನೊಂದು ತುಂಡನ್ನು ಲೇತಿಗೆ ಸಿಕ್ಕಿಸಿದರಾಯಿತು. ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸವೊಂದಿದೆ ಎಂಬ ಭರವಸೆಯೇ ನಿವೃತ್ತರಿಗೆ ಈ ಹವ್ಯಾಸ ನೀಡುವ ಮೊದಲ ಸಂಬಳ.